ಕೊಳೆಯಾಗದ ಅಂಗಿಗಳು

ಜನವರಿ 9

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಫೋನು ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನು ಮಾಡಿದರೆ ನೀನು ಆಡುವುದು ಮೂರೇ ಮಾತು. "ಮೀಟಿಂಗಲ್ಲಿದೀನಿ ಅಕ್ಕ", "ಹೂಂ", "ಆಮೇಲೆ ಮಾಡ್ತೀನಿ". ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕುವುದಕ್ಕೆ ಆಗಲ್ಲ, ಪೂರ್ತಿ ಓದಲೇಬೇಕು.

ನನಗೆ ಮೈಯೆಲ್ಲ ಉರಿಯುತ್ತಿದೆ. ಮೊನ್ನೆ ಪುರಸಭೆಯವರು ಬಂದು ನಮ್ಮ ಲಾಂಡ್ರಿ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಏಪ್ರಿಲ್ ಒಂದರಿಂದ ನಮಗಿದ್ದ ನೀರಿನ ರಿಯಾಯಿತಿ ರದ್ದು. ಇನ್ನು ಈಗಿನ ನಾಲ್ಕರಷ್ಟು ದರ. ಮೂವತ್ತು ವರ್ಷದಿಂದ ಪುರಸಭೆಯ ಈ ಕಟ್ಟಡದಲ್ಲಿ ಹನ್ನೊಂದು ಹೆಂಗಸರು ಆಸ್ಪತ್ರೆಯ ಹಾಸಿಗೆಬಟ್ಟೆ, ಶಾಲೆಯ ಪರದೆ, ಹೋಟೆಲಿನ ಟವೆಲು ಒಗೆದು ಹೊಟ್ಟೆ ಹೊರೆದುಕೊಂಡಿದ್ದೇವೆ. ನಾಲ್ಕರಷ್ಟು ತೆತ್ತು ಒಗೆಯುವುದಕ್ಕಿಂತ ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋಗುವುದು ಲೇಸು. ಹೋಗಿ ಮಾಡುವುದೇನು, ಅದು ಬೇರೆ ಪ್ರಶ್ನೆ.

ನೀರು ಹೋಗುವುದಕ್ಕಿಂತ ಹೆಚ್ಚಾಗಿ ಉರಿಸಿದ್ದು ನೋಟೀಸಿನ ಒಂದು ವಾಕ್ಯ. ಹಾಗೇ ಇಳಿಸುತ್ತೇನೆ, ಓದು: "ಸಣ್ಣ ಬಳಕೆದಾರರಲ್ಲಿ ರಿಯಾಯಿತಿಯ ಮೇಲಿನ ಅವಲಂಬನೆಯು ಚಟವಾಗಿ ಬೇರೂರದಂತೆ ತಡೆಯುವುದು ಅಗತ್ಯ." ಚಟವಂತೆ! ನಾವು ಸೋಪಿನ ನೀರು ಕುಡಿದು ಅಮಲೇರಿಸಿಕೊಂಡು ಬೀದಿಯಲ್ಲಿ ಬಿದ್ದಿರುತ್ತೇವೆ ಅಂದುಕೊಂಡಿದ್ದಾನೇನೋ ಬರೆದವನು. ಗಂಜಿ ಅಜ್ಜಿಗೆ ಓದಿ ಹೇಳಿದೆ. ಗೊತ್ತಲ್ಲ, ಎಪ್ಪತ್ತು ದಾಟಿದರೂ ಗಂಜಿಯ ಹದ ಇನ್ನೊಬ್ಬರ ಕೈಗೆ ಬಿಡದ ಮುದುಕಿ. "ನಂಗೆ ಇರೋದು ಎಲೆಯಡಿಕೆ ಚಟ ಒಂದೇ ಕಣೇ, ಅದನ್ನೂ ಬಿಡ್ತೀನಿ ಅಂತ ಬರಿ" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ರಸ್ತೆಯ ಆಚೆ ಬಾಟಲಿ ಕಂಪನಿ ಇದೆಯಲ್ಲ, ಗಾಜು ಕರಗಿಸುವವರು, ಅವರ ಗೇಟಿನ ಪಕ್ಕ ಸರ್ಕಾರವೇ ದೊಡ್ಡ ಬೋರ್ಡು ನಿಲ್ಲಿಸಿದೆ. ಜಮೀನು ಬಿಟ್ಟಿ, ಹತ್ತು ವರ್ಷ ತೆರಿಗೆ ಇಲ್ಲ, ಕರೆಂಟು ಅರ್ಧ ಬೆಲೆ, ನೀರು ಕಾಲು ಬೆಲೆ. ಅವರ ಪೈಪು ನನ್ನ ತೊಡೆ ಗಾತ್ರ, ನಮ್ಮದು ಹೆಬ್ಬೆರಳು. ಅವರಿಗೆ ಯಾವ ಚಟವೂ ಹತ್ತುವುದಿಲ್ಲವಾ?

ನೀನು ಕೈಗಾರಿಕೆ ಇಲಾಖೆಯಲ್ಲೇ ಕೂತವನು. ಆ ವಾಕ್ಯ ಬರೆದ ಪುಣ್ಯಾತ್ಮ ಯಾರು ಅಂತ ಸ್ವಲ್ಪ ವಿಚಾರಿಸು. ಸಿಕ್ಕಿದರೆ ಇಲ್ಲಿಗೆ ಕಳಿಸು, ಬಾಯ್ಲರಿನಲ್ಲಿ ಸೋಡಾ ಹಾಕಿ ಕುದಿಸಿ, ಹಿಂಡಿ, ಒಣಗಿಹಾಕಿ ಕಳಿಸುತ್ತೇನೆ.

ನಿನ್ನ ಅಕ್ಕ

~

ಜನವರಿ 24

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ತಲುಪಿ ಬಹಳ ದಿನವಾಯಿತು. ಇಲ್ಲಿ ಮಾರ್ಚ್ ಲೆಕ್ಕ ಮುಗಿಸುವ ಕೆಲಸ, ತಲೆ ಎತ್ತುವುದಕ್ಕೂ ಆಗುತ್ತಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ನಿಮಗೆ ಸಿಗುತ್ತಿದ್ದದ್ದು ಸಬ್ಸಿಡಿ. ಕಂಪನಿಗೆ ಕೊಡುತ್ತಿರುವುದು ಪ್ರೋತ್ಸಾಹಧನ. ಮೊದಲನೆಯದು ಖರ್ಚು, ಎರಡನೆಯದು ಹೂಡಿಕೆ. ಆ ಕಂಪನಿ ನಾಲ್ಕುನೂರು ಜನಕ್ಕೆ ಕೆಲಸ ಕೊಡುವುದಾಗಿ ಬರೆದುಕೊಟ್ಟಿದೆ. ಅಷ್ಟು ಜನ ಕೆಲಸ ಮಾಡುತ್ತಿದ್ದಾರೆಂದು ಖಚಿತವಾದ ಮೇಲೆಯೇ ಪ್ರೋತ್ಸಾಹಧನದ ಎರಡನೇ ಕಂತು ಬಿಡುಗಡೆ. ಸುಮ್ಮನೆ ಯಾರಿಗೂ ಏನೂ ಕೊಡುವುದಿಲ್ಲ. ನಾಲ್ಕುನೂರು ಸಂಬಳ ಊರಿಗೆ ಬಂದರೆ ಊರೆಲ್ಲ ಚಿಗುರುತ್ತದೆ, ನಿಮ್ಮ ಲಾಂಡ್ರಿಯೂ ಚಿಗುರುತ್ತದೆ.

ವಾಕ್ಯ ಬರೆದವರು ಯಾರೆಂದು ಹೇಳುವುದು ಕಷ್ಟ. ಒಂದು ಫೈಲು ಹತ್ತು ಕೈ ದಾಟಿರುತ್ತದೆ. ಇದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬೇಡ.

ಸಣ್ಣ ಉದ್ಯಮಗಳಿಗೆ ಒಂದು ನೆರವಿನ ಯೋಜನೆ ಇದೆ. ಅರ್ಜಿ ಲಗತ್ತಿಸಿದ್ದೇನೆ. ತುಂಬಿ ಕಳಿಸು, ನಾನು ಹಿಂದೆ ಬೀಳುತ್ತೇನೆ. ಮಗಳಿಗೆ ಪರೀಕ್ಷೆ ಹತ್ತಿರ ಬಂತು, ನಿನ್ನನ್ನು ಕೇಳುತ್ತಿರುತ್ತಾಳೆ.

ನಿನ್ನ ತಮ್ಮ

~

ಫೆಬ್ರವರಿ 2

ಪ್ರೀತಿಯ ತಮ್ಮನಿಗೆ,

ಅರ್ಜಿ ಅಂದೆ. ಇಪ್ಪತ್ತೆರಡು ಪುಟ ಇದೆ. ಜೊತೆಗೆ ಹದಿನಾಲ್ಕು ದಾಖಲೆ, ಇಬ್ಬರು ದೊಡ್ಡ ಅಧಿಕಾರಿಗಳ ಜಾಮೀನು. ಇಷ್ಟನ್ನೂ ಒದಗಿಸುವ ತಾಕತ್ತಿದ್ದರೆ ನಾನು ಬಾಟಲಿ ಕಂಪನಿಯನ್ನೇ ಕೊಳ್ಳುತ್ತಿದ್ದೆ. ಆದರೂ ನೀನು ಕಳಿಸಿದ್ದೀಯ ಅಂತ ನಾವೆಲ್ಲ ಕೂತು ತುಂಬಿದೆವು. "ಮುಂದಿನ ಐದು ವರ್ಷದಲ್ಲಿ ಸೃಷ್ಟಿಯಾಗುವ ಉದ್ಯೋಗ" ಅಂತ ಕೇಳಿದ್ದಾರೆ. ಹನ್ನೊಂದು ಜನ ಇದ್ದೇವೆ, ಯಾರೂ ಸಾಯದಿದ್ದರೆ ಹನ್ನೊಂದೇ ಇರುತ್ತೇವೆ ಅಂತ ಬರೆದೆ. "ಸ್ಥಿರಾಸ್ತಿ" ಅನ್ನುವಲ್ಲಿ ಗಂಜಿ ಅಜ್ಜಿಯ ಹೆಸರು ಹಾಕಿದೆವು. ಮೂವತ್ತು ವರ್ಷದಿಂದ ಕೂತ ಜಾಗ ಬಿಟ್ಟು ಕದಲಿಲ್ಲ.

ಸಬ್ಸಿಡಿಗೂ ಪ್ರೋತ್ಸಾಹಧನಕ್ಕೂ ವ್ಯತ್ಯಾಸ ಹೇಳಿಕೊಟ್ಟೆಯಲ್ಲ, ಉಪಕಾರವಾಯಿತು. ಬಡವ ಇಸಿದುಕೊಂಡರೆ ಭಿಕ್ಷೆ, ಸಾಹುಕಾರ ಇಸಿದುಕೊಂಡರೆ ಕಾಣಿಕೆ. ಇದು ನಮಗೆ ಮೊದಲೇ ಗೊತ್ತಿತ್ತು, ಇಂಥ ಒಳ್ಳೆಯ ಮಾತು ಮಾತ್ರ ಗೊತ್ತಿರಲಿಲ್ಲ.

ಇರಲಿ, ಒಂದು ವಿಷಯಕ್ಕೆ ನಿನ್ನ ಹತ್ತಿರ ತಪ್ಪೊಪ್ಪಿಕೊಳ್ಳಬೇಕು. ಕಂಪನಿಯ ಕೆಲಸಗಾರರ ಸಮವಸ್ತ್ರ ಒಗೆಯುವುದು ನಾವೇ ತಾನೇ. ವಾರವಾರ ನೂರೈವತ್ತೆರಡು ನೀಲಿ ಅಂಗಿ ಬರುತ್ತಿದ್ದವು. ಮೊನ್ನೆ ಸ್ಟೋರ್ ಕೀಪರ್ ಬಂದು, ಹದಿನೇಳನೇ ತಾರೀಖಿಗೆ ನಾಲ್ಕುನೂರ ಹನ್ನೆರಡು ಬೇಕು ಅಂದ. ಮಿಕ್ಕ ಇನ್ನೂರರವತ್ತೂ ಪೆಟ್ಟಿಗೆಯಿಂದ ತೆಗೆದ ಹೊಸವು. "ಹೊಸತನ ಹೋಗೋ ಹಾಗೆ ಎರಡು ಸಲ ಒಗೀರಿ" ಅಂದ. ಇಷ್ಟು ಜನರನ್ನು ಒಟ್ಟಿಗೆ ಕೆಲಸಕ್ಕೆ ತೆಗೆದುಕೊಂಡರಲ್ಲ! ನೀನು ಹೇಳಿದ್ದು ನಿಜವಾಯಿತು. ಸುಮ್ಮನೆ ಬೈದುಕೊಂಡೆ ಆ ಕಂಪನಿಯನ್ನು ಅನ್ನಿಸಿತು. ಉದ್ದಕ್ಕ ಇದ್ದಾಳಲ್ಲ, ಇಸ್ತ್ರಿಯವಳು, ಮೂರು ಮಕ್ಕಳ ತಾಯಿ, ಅವಳ ಗಂಡನನ್ನು ಓಡಿಸಿದೆ, ಗೇಟಿನಲ್ಲಿ ಕೇಳಿ ಬಾ ಅಂತ. ಕೆಲಸ ಖಾಲಿ ಇಲ್ಲ ಅಂದರಂತೆ. ತಡವಾಗಿ ಹೋದ, ಪೆದ್ದ.

ನಿನ್ನ ಅಕ್ಕ

~

ಫೆಬ್ರವರಿ 20

ಅಕ್ಕನಿಗೆ ನಮಸ್ಕಾರ.

ಒಂದು ವಾರದಿಂದ ಜ್ವರ. ಹಾಸಿಗೆ ಬಿಟ್ಟು ಎದ್ದಿಲ್ಲ, ಅದಕ್ಕೇ ನಾಲ್ಕು ಸಾಲು. ಕಂಪನಿ ಜನರನ್ನು ತೆಗೆದುಕೊಳ್ಳುತ್ತಿರುವುದು ಒಳ್ಳೆಯ ಸುದ್ದಿ. ಅವರೊಂದಿಗೆ ಹೊಂದಿಕೊಂಡು ಹೋಗು, ಯಾರ ಹತ್ತಿರವೂ ಏರುದನಿಯಲ್ಲಿ ಮಾತಾಡಬೇಡ. ನಿನ್ನ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳಿಸಿದ್ದೇನೆ.

ನಿನ್ನ ತಮ್ಮ

~

ಫೆಬ್ರವರಿ 23

ಮಾನ್ಯ ತನಿಖಾಧಿಕಾರಿಗಳಿಗೆ,

ತಮ್ಮ ಜ್ವರ ಇಳಿಯಿತೇ?

ಮೊದಲು ಅಂಗಿಗಳ ವಿಷಯ ಹೇಳುತ್ತೇನೆ. ಹದಿನೆಂಟನೇ ತಾರೀಖು ರಾಜಧಾನಿಯಿಂದ ಯಾರೋ ತಲೆ ಎಣಿಸುವುದಕ್ಕೆ ಬಂದಿದ್ದರು ಅಂತ ಊರೆಲ್ಲ ಗೊತ್ತು. ಹತ್ತೊಂಬತ್ತಕ್ಕೆ ನಾಲ್ಕುನೂರ ಹನ್ನೆರಡೂ ಅಂಗಿ ಒಗೆಯಲು ವಾಪಸು ಬಂದವು. ಗಾಜಿನ ಕುಲುಮೆಯ ಮುಂದೆ ನಿಂತವನ ಅಂಗಿ ಹೇಗಿರುತ್ತದೆ ಗೊತ್ತಾ ನಿನಗೆ? ಕಾಲರಿನ ಸುತ್ತ ಕಪ್ಪು ಉಂಗುರ, ಬೆನ್ನಿನ ಮೇಲೆ ಬಿಳಿ ಉಪ್ಪು, ತೋಳಿನ ತುದಿಯಲ್ಲಿ ಕಿಡಿ ಹಾರಿದ ತೂತು, ಜೇಬಿನ ಮೂಲೆಯಲ್ಲಿ ಗಾಜಿಗೆ ಬೆರೆಸುವ ಸೋಡಾ ಪುಡಿ. ನೂರೈವತ್ತೆರಡು ಅಂಗಿ ಹಾಗೇ ಇದ್ದವು. ಮಿಕ್ಕ ಇನ್ನೂರರವತ್ತರ ಕಾಲರಿನಲ್ಲಿ ಕೊಳೆಯೇ ಇಲ್ಲ. ನಾನು ಹಾಕಿದ ಇಸ್ತ್ರಿ ಗೆರೆ ಕೂಡ ಮುರಿದಿರಲಿಲ್ಲ. ಒಂದರ ಜೇಬಿನಲ್ಲಿ ಸೀಮೆಸುಣ್ಣ. ಇನ್ನೊಂದರಲ್ಲಿ ಮದುವೆಗೆ ವಾದ್ಯ ಬಾರಿಸುವವರ ಕಾರ್ಡು. ಯಾರನ್ನೋ ಎಲ್ಲಿಂದಲೋ ಲಾರಿಯಲ್ಲಿ ತುಂಬಿ ತಂದು, ನಮ್ಮ ಕೈಯಲ್ಲಿ ಒಗೆಸಿದ ಅಂಗಿ ತೊಡಿಸಿ, ಸಾಲಾಗಿ ನಿಲ್ಲಿಸಿ, ಸಂಜೆ ಬಿಚ್ಚಿಸಿಕೊಂಡು ಕಳಿಸಿದ್ದಾರೆ. ಉದ್ದಕ್ಕನ ಗಂಡ ಪೆದ್ದನಲ್ಲ, ನಾನು ಪೆದ್ದಿ.

ಈಗ ಇನ್ನೊಂದು ಅಂಗಿಯ ವಿಷಯ. ಹದಿನೆಂಟರ ಸಂಜೆ ಕಂಪನಿಯ ಅತಿಥಿಗೃಹದಿಂದ ಒಂದು ಗಂಟು ಬಂತು. ಬೆಳಿಗ್ಗೆಗೇ ಬೇಕು ಅಂದರು. ಬಿಳಿ ಅಂಗಿ, ಸಣ್ಣ ನೀಲಿ ಗೀರು. ಎಡ ಕಂಕುಳಲ್ಲಿ ಹಸಿರು ದಾರದ ಹೊಲಿಗೆ. ಮೂರು ವರ್ಷದ ಹಿಂದೆ ಮನೆಯಲ್ಲಿ ನೀಲಿ ದಾರ ಇರಲಿಲ್ಲ, ಹಸಿರಿನಲ್ಲೇ ಹೊಲಿದಿದ್ದೆ. "ಕಂಕುಳ ಯಾರು ನೋಡ್ತಾರೆ ಬಿಡು ಅಕ್ಕ" ಅಂದಿದ್ದೆ ನೀನು.

ನಾನು ನೋಡಿದೆ.

ಅತಿಥಿಗೃಹದ ಅಡುಗೆಯವನನ್ನು ಕೇಳಿದರೆ, ಎಣಿಸೋಕೆ ಬಂದ ಸಾಹೇಬರದ್ದು ಅಂದ. ಆಗಲೂ ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು! ಕೆಲಸ ಮುಗಿಸಿಕೊಂಡು ಬರುತ್ತಾನೆ ಅಂತ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದೆ. ಇಬ್ಬರಿಗೆ ಅಡುಗೆ ಮಾಡಿದೆ. ಅಲ್ಲಿಂದ ನಮ್ಮ ಬಾಗಿಲಿಗೆ ಇನ್ನೂರು ಹೆಜ್ಜೆ ಇಲ್ಲ. ಮಾರನೇ ದಿನ ಹನ್ನೊಂದು ಗಂಟೆಗೆ ಕಾರು ನನ್ನ ಕಣ್ಣ ಮುಂದೆಯೇ ಹೋಯಿತು. ಗಾಜು ಏರಿಸಿತ್ತು. ಅವಸರವಿತ್ತೇನೋ ಅಂದುಕೊಂಡೆ. ಇವತ್ತು ನಿನ್ನ ಜ್ವರದ ಕಾಗದ ಬಂತು. ಮಲಗಿದ್ದವನ ಅಂಗಿ ಒಂದೇ ಇಷ್ಟು ದೂರ ನಡೆದುಕೊಂಡು ಬಂತೇನೋ?

ಎಷ್ಟು ಅಂತ ಬರೆದೆ, ಹೇಳು. ನೂರೈವತ್ತೆರಡೋ, ನಾಲ್ಕುನೂರ ಹನ್ನೆರಡೋ?

ಲಾಂಡ್ರಿಯವಳು

~

ಮಾರ್ಚ್ 5

ಹತ್ತು ದಿನವಾಯಿತು, ಉತ್ತರ ಇಲ್ಲ. ಉತ್ತರ ಸಿಕ್ಕಿತು ಅಂದುಕೊಳ್ಳಲೇ?

ಹೊಸ ಮೀಟರು ಹಾಕಿ ಹೋದರು, ನಮಗೂ ಬೀದಿಯ ನಲ್ಲಿಗೂ. ಬೀದಿಯ ನಲ್ಲಿಗೆ ಬಿಂದಿಗೆ ಹಿಡಿದು ನಿಂತವರೂ ಈಗ ನನ್ನನ್ನು, "ನಿನ್ನ ತಮ್ಮ ದೊಡ್ಡ ಆಫೀಸರಲ್ವಾ, ಹೇಳಬಾರದೇ" ಅಂತಾರೆ. ನಾನೇನು ಹೇಳಲಿ, ಅವನಿಗೆ ಜ್ವರ ಅಂತಲೇ?

ಅಕ್ಕ

~

ಮಾರ್ಚ್ 11

ಅಕ್ಕಾ,

ನಾಲ್ಕುನೂರ ಹನ್ನೆರಡು ಅಂತ ಬರೆದೆ.

ಈ ಕಾಗದವನ್ನು ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ. ಸುಳ್ಳು ಹೇಳುವ ಶಕ್ತಿ ಮುಗಿದಿದೆ.

ಸಾಲಿನ ಮೂರನೆಯವನ ಹತ್ತಿರವೇ ನನಗೆ ಗೊತ್ತಾಯಿತು. ಯಾವ ವಿಭಾಗ ಅಂತ ಕೇಳಿದೆ. "ಕ್ಲಾರಿನೆಟ್ ಸಾರ್" ಅಂದ. ಪಕ್ಕದಲ್ಲಿದ್ದ ಮ್ಯಾನೇಜರ್ ನಕ್ಕು, ಹೊಸ ಯಂತ್ರದ ಹೆಸರು ಅಂದರು. ನಾನೂ ನಕ್ಕೆ. ಅಲ್ಲಿಂದ ಮುಂದೆ ಯಾರನ್ನೂ ಏನೂ ಕೇಳಲಿಲ್ಲ, ಬರೀ ತಲೆ ಎಣಿಸಿದೆ. ಹೊರಡುವ ಮುಂಚೆಯೇ ನಮ್ಮ ನಿರ್ದೇಶಕರು ಹೇಳಿದ್ದರು: "ಕಂತು ಮಾರ್ಚ್ ಒಳಗೆ ಹೋಗಬೇಕು, ಮೇಲಿನಿಂದ ಒತ್ತಡ ಇದೆ. ಎಣಿಸೋಕೆ ಹೋಗ್ತಿದೀರಿ, ಹುಡುಕೋಕೆ ಅಲ್ಲ." ನಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ನನ್ನನ್ನು ಎಲ್ಲಿಗೋ ಎತ್ತಿ ಹಾಕುತ್ತಿದ್ದರು. ಮಗಳ ಓದು, ಇರುವ ಸರ್ಕಾರಿ ಮನೆ ಎಲ್ಲ ಹೋಗುತ್ತಿತ್ತು.

ಸಂಜೆ ಅಂಗಿ ಒಗೆಯಲು ಕೊಡುವಾಗ ಅದು ನಿನ್ನ ಕೈಗೇ ಬರುತ್ತದೆಂದು ಹೊಳೆಯಲಿಲ್ಲ. ಊರಿನಲ್ಲಿ ಇನ್ನೊಂದು ಲಾಂಡ್ರಿ ಇಲ್ಲ ಅನ್ನುವುದೇ ಮರೆತುಹೋಗಿತ್ತು. ನಿನ್ನ ಮುಂದೆ ಬಂದು ಕೂತರೆ ನೀನು "ಎಷ್ಟು ಎಣಿಸಿದೆ" ಅಂತ ಕೇಳುತ್ತೀಯ ಎಂದು ಹೆದರಿ ಗಾಜು ಏರಿಸಿಕೊಂಡೆ.

ಇನ್ನೂ ಒಂದಿದೆ. ಕಂಪನಿಗೆ ನೀರನ್ನು ಕಾಲು ಬೆಲೆಗೆ ಕೊಟ್ಟು ಪುರಸಭೆಗೆ ನಷ್ಟವಾಗುತ್ತಿತ್ತು. ಆ ನಷ್ಟವನ್ನು ಎಲ್ಲಿ ತುಂಬಿಕೊಳ್ಳಬೇಕೆಂದು ಇಲಾಖೆಯಿಂದ ಒಂದು ಸಲಹೆ ಹೋಗಬೇಕಿತ್ತು. ಸಣ್ಣ ಬಳಕೆದಾರರ ರಿಯಾಯಿತಿ ತೆಗೆಯಿರಿ ಎಂದು ಬರೆದವನು ನಾನು. ಆ ಚಟದ ವಾಕ್ಯ ನನ್ನದು. ನಿನ್ನನ್ನು ನೆನೆದು ಬರೆದದ್ದಲ್ಲ ಅಕ್ಕಾ. ಫೈಲಿನಲ್ಲಿ ಲಾಂಡ್ರಿ ಅಂತ ಇರಲಿಲ್ಲ, ನೀನೂ ಇರಲಿಲ್ಲ. "ನಾಲ್ಕನೇ ವರ್ಗದ ಬಳಕೆದಾರರು" ಅಂತ ಮಾತ್ರ ಇತ್ತು. ವಾಕ್ಯ ಚೆನ್ನಾಗಿದೆ ಎಂದು ನಿರ್ದೇಶಕರು ಮೆಚ್ಚಿಕೊಂಡರು.

ಕೊಳೆಯನ್ನೆಲ್ಲ ನಿನ್ನ ಮುಂದೆ ಸುರಿದಿದ್ದೇನೆ. ಓದಿ ಸುಟ್ಟುಬಿಡು. ಇದು ಬೇರೆಯವರ ಕೈಗೆ ಸಿಕ್ಕರೆ ನಾನು ಉಳಿಯುವುದಿಲ್ಲ.

ನಿನ್ನ ತಮ್ಮ (ಕೆಳಗೆ ಪೂರ್ತಿ ಸಹಿ ಹಾಕಿದ್ದೇನೆ. ನಿನ್ನಿಂದ ಇನ್ನು ಮುಚ್ಚಿಡುವುದು ಏನೂ ಇಲ್ಲ.)

~

ಮಾರ್ಚ್ 17

ತಮ್ಮಾ,

ಸುಟ್ಟಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗಾದೆ ಅಂದುಕೊಂಡಿದ್ದೆ, ನಿನ್ನ ಇಲಾಖೆಯ ನಿಯಮ ಅಂತ ಈಗ ಗೊತ್ತಾಯಿತು. ಕಂಪನಿ ಕುಡಿದ ನೀರಿನ ನಷ್ಟ ನಮ್ಮ ಬಾಯಿಂದ ಕಕ್ಕಿಸುವುದು, ಮೇಲೆ ನಮಗೇ ಚಟ ಅನ್ನುವುದು.

ಚಟ ಬರೆದವನೇ, ಕೇಳು. ಅಪ್ಪ ಹೋದಾಗ ನಿನಗೆ ಏಳು ವರ್ಷ. ನಾನು ನಿನ್ನನ್ನು ಓದಿಸಿದೆ ಅಂತ ನೀನು ಬಂದವರಿಗೆಲ್ಲ ಹೇಳುತ್ತೀಯ. ನಾನು ಓದಿಸಲಿಲ್ಲ. ನನ್ನ ಇಸ್ತ್ರಿಪೆಟ್ಟಿಗೆಯ ದುಡಿಮೆಯಲ್ಲಿ ನಿನ್ನ ಚಪ್ಪಲಿ ಬಂತು ಅಷ್ಟೇ. ನೀನು ಕೂತದ್ದು ಸರ್ಕಾರದ ಬೆಂಚು. ಮಧ್ಯಾಹ್ನ ಉಂಡದ್ದು ಶಾಲೆಯ ಊಟ. ಹಾಸ್ಟೆಲು ಬಿಟ್ಟಿ, ಪುಸ್ತಕ ಬಿಟ್ಟಿ, ಬಸ್ಸಿನ ಪಾಸು ಬಿಟ್ಟಿ. ನಿನಗೆ ಕಾಮಾಲೆ ಆದಾಗ ಇಪ್ಪತ್ತು ದಿನ ಮಲಗಿದ್ದು ಊರಿನ ಆಸ್ಪತ್ರೆಯ ಹಾಸಿಗೆ, ಅದರ ಬಟ್ಟೆ ಒಗೆದದ್ದು ಇದೇ ರಿಯಾಯಿತಿ ನೀರಿನಲ್ಲಿ. ಊರಿನವರೆಲ್ಲ ತೆರಿಗೆ ಕಟ್ಟಿ ನಿನ್ನನ್ನು ಸಾಕಿದರು. ಅದಕ್ಕೆ ನನಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ. ಊರು ಇರುವುದೇ ಅದಕ್ಕೆ. ನೀನು ಏಣಿ ಹತ್ತಿ, ಏಣಿಯನ್ನೇ ಬಾಟಲಿ ಕಂಪನಿಗೆ ಕೊಟ್ಟೆಯಲ್ಲೋ!

ನೀನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ ಅಂದೆ. ಬರೆಯಲಿ. ಅವನ ಅಕ್ಕ ಅವನನ್ನು ಬೈಯಲಿ.

ಈಗ ನನ್ನ ಹತ್ತಿರ ಇರುವುದು ಎರಡು. ಒಂದು ನಮ್ಮ ಚೀಟಿ. ಕೊಳೆ ಹೆಚ್ಚಿದ್ದರೆ ಒಂದು ದರ, ಕಡಿಮೆ ಇದ್ದರೆ ಇನ್ನೊಂದು, ಅದು ಲಾಂಡ್ರಿಯ ಪದ್ಧತಿ. ಆ ಇನ್ನೂರರವತ್ತು ಅಂಗಿ ಒಗೆದು ಕೊಡುವಾಗ ಸ್ಟೋರ್ ಕೀಪರ್ ಜಗಳಕ್ಕೇ ನಿಂತ. "ಇವಕ್ಕೆ ಕೊಳೆನೇ ಆಗಿಲ್ಲ, ಅರ್ಧ ರೇಟು ಹಾಕಿ" ಅಂದ. ಹಾಗಂತ ಬರೆದುಕೊಡಿ ಸ್ವಾಮಿ ಅಂದೆ. "260 ಅಂಗಿ, ಕೊಳೆ ಇಲ್ಲ" ಅಂತ ತಾನೇ ಬರೆದು, ಕಂಪನಿಯ ಸೀಲು ಒತ್ತಿ, ತಾರೀಖು ಹಾಕಿ, ಸಹಿ ಮಾಡಿಕೊಟ್ಟ. ಎಲ್ಲಿ ಹೋದರೂ ರಿಯಾಯಿತಿ ಕೇಳಿ ಅಭ್ಯಾಸವಾದವರು, ಲಾಂಡ್ರಿಯಲ್ಲೂ ಬಿಡಲಿಲ್ಲ. ಚಟ ಅಂದರೆ ಅದು.

ಎರಡನೆಯದು ನಿನ್ನ ಕಾಗದ.

ಇಪ್ಪತ್ತೇಳಕ್ಕೆ ಪುರಸಭೆಯಲ್ಲಿ ಅಹವಾಲು ಸಭೆ. ತಪಾಸಣೆಯ ಅಧಿಕಾರಿಯೊಬ್ಬರು ಹೊರಗಿನಿಂದ ಬರುತ್ತಾರೆ. ಚೀಟಿ ಒಂದೇ ಸಾಲದು, ಅವು ಹೆಚ್ಚಿನ ಅಂಗಿ, ಬೀರುವಿನಲ್ಲಿದ್ದವು ಅಂತ ಕಂಪನಿಯವರು ಅಂದುಬಿಡುತ್ತಾರೆ. ನಿನ್ನ ಕಾಗದವನ್ನೂ ಓದಬೇಕು. ಸಹಿ ಇರುವ ಭಾಗ ಕತ್ತರಿಸಿ ಓದು ಅಂದಳು ಉದ್ದಕ್ಕ, ಪಾಪ, ನಿನ್ನ ಮೇಲಿನ ಕನಿಕರಕ್ಕೆ. ಪುರಸಭೆ ಗುಮಾಸ್ತರನ್ನು ವಿಚಾರಿಸಿದೆ. ಸಹಿ ಇಲ್ಲದ ಕಾಗದ ಮೂಟೆ ಕಟ್ಟಿ ಎಸೆಯುತ್ತಾರಂತೆ.

ಓದುತ್ತೇನೆ. ಬೇಡ ಅಂತ ಬರೆದರೂ ಓದುತ್ತೇನೆ. ಕದ್ದು ಮಾಡಬಾರದು ಅಂತ ಮುಂಚೆಯೇ ತಿಳಿಸುತ್ತಿದ್ದೇನೆ.

ಅಕ್ಕ

~

ಮಾರ್ಚ್ 23

ಅಕ್ಕಾ, ದಯವಿಟ್ಟು ಇದನ್ನು ಪೂರ್ತಿ ಓದು.

ಮೂರು ದಿನ ಊಟ ಬಿಟ್ಟು ಓಡಾಡಿ ಒಂದು ದಾರಿ ಮಾಡಿದ್ದೇನೆ. ನಿಮ್ಮ ಲಾಂಡ್ರಿಯನ್ನು ಬಾಟಲಿ ಕಂಪನಿಯ ಪೂರಕ ಘಟಕ ಎಂದು ಸೇರಿಸಬಹುದು. ಆಗ ಕಂಪನಿಗೆ ಸಿಗುವ ಸೌಲಭ್ಯವೇ ನಿಮಗೂ ಸಿಗುತ್ತದೆ. ಈಗ ಕೊಡುತ್ತಿರುವುದಕ್ಕಿಂತಲೂ ಕಡಿಮೆ ಬೆಲೆಗೆ ನೀರು, ಐದು ವರ್ಷ. ಹನ್ನೊಂದು ಮನೆ ಉಳಿಯುತ್ತದೆ. ಆದೇಶದ ಕರಡು ನನ್ನ ಮೇಜಿನ ಮೇಲಿದೆ. ಕಂಪನಿಯಿಂದ ಒಂದು ಶಿಫಾರಸು ಪತ್ರ ಬೇಕು, ಅದನ್ನೂ ಮಾತಾಡಿದ್ದೇನೆ, ಕೊಡುತ್ತಾರೆ. ಅವರು ಕೇಳುವುದು ಇಷ್ಟೇ, ನೀನು ಇಪ್ಪತ್ತೇಳಕ್ಕೆ ಸಭೆಗೆ ಹೋಗಬಾರದು.

ನಿನಗೆ ನೀರು ತಾನೇ ಬೇಕಿತ್ತು? ನೀರು ಸಿಗುತ್ತದೆ. ಇನ್ನು ಯಾರ ಮೇಲೆ ಸೇಡು? ನನ್ನ ಮೇಲೆಯೇ? ಮಗಳಿಗೆ ಏಪ್ರಿಲ್ ಮೂರಕ್ಕೆ ಪರೀಕ್ಷೆ. ಅವಳ ಮುಖ ನೋಡಿಯಾದರೂ ಬಿಡು. ನಿನ್ನ ಕಾಲು ಹಿಡಿಯುತ್ತೇನೆ ಅಕ್ಕಾ.

ನಿನ್ನ ತಮ್ಮ

~

ಮಾರ್ಚ್ 29

ತಮ್ಮಾ,

ನಿನ್ನ ಕಾಗದ ಇಪ್ಪತ್ತಾರರ ಮಧ್ಯಾಹ್ನ ಬಂತು. ತೊಟ್ಟಿಯ ಹತ್ತಿರ ಎಲ್ಲರನ್ನೂ ಕೂರಿಸಿ ಓದಿದೆ. ಬಚ್ಚಿಡಬಹುದಿತ್ತು, ಆದರೆ ನೀರು ನನ್ನೊಬ್ಬಳದಲ್ಲ. ಹೇಳಿಬಿಡುತ್ತೇನೆ, ಆಸೆಯಾಯಿತು. ಐದು ವರ್ಷ ನಿಶ್ಚಿಂತೆ ಅಂದರೆ ಯಾರಿಗೆ ಆಗುವುದಿಲ್ಲ? ಉದ್ದಕ್ಕ ಅತ್ತೇಬಿಟ್ಟಳು. "ತಗೊಳ್ಳೋಣ ಅಕ್ಕ. ನಂಗೆ ನ್ಯಾಯ ಬೇಡ, ಮೂರು ಮಕ್ಕಳಿದಾರೆ" ಅಂದಳು. ಅವಳನ್ನು ನಾನು ತಪ್ಪು ಅನ್ನಲಾರೆ. ಆಗ ಗಂಜಿ ಅಜ್ಜಿ ಕೇಳಿದಳು, "ನಮ್ಮೂರ ನೀರು ನಮಗೆ ಬರೋಕೆ ಅವನ ಶಿಫಾರಸು ಬೇಕಂತಾ? ನಾಳೆ ಅವನಿಗೆ ಕೋಪ ಬಂದ್ರೆ? ಬೀದಿ ನಲ್ಲಿಯವರು ಯಾರ ಪೂರಕ ಘಟಕ?" ಕೈ ಎತ್ತಿಸಿದೆ. ಓದಬೇಕು ಅಂತ ಆರು, ಬೇಡ ಅಂತ ಐದು. ಆರನೆಯ ಕೈ ನನ್ನದು.

ಇಪ್ಪತ್ತೇಳರ ಸಭೆಯಲ್ಲಿ ಎರಡೂ ಕಾಗದ ಓದಿದೆ. ಮೊದಲನೆಯದನ್ನೂ, ಈ ಕಾಲು ಹಿಡಿದದ್ದನ್ನೂ. ಮಗಳ ವಿಷಯ ಬಂದಲ್ಲಿ ಮಾತ್ರ ಬಿಟ್ಟು ಓದಿದೆ. ಕಂಪನಿಯ ವಕೀಲ ಎದ್ದು, ಲಾಂಡ್ರಿ ಹೆಂಗಸು ಯಾರಿಂದಲೋ ಬರೆಸಿಕೊಂಡು ಬಂದಿದ್ದಾಳೆ ಅಂದ. ಚೀಟಿ ಮುಂದಿಟ್ಟೆ. ಅವರದೇ ಸೀಲು. ಸ್ಟೋರ್ ಕೀಪರ್ ತಲೆ ಬಗ್ಗಿಸಿಕೊಂಡ. ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ಕೇಳಿದರು, "ಇದನ್ನ ಬರೆದವರು ನಿಮಗೆ ಏನಾಗಬೇಕಮ್ಮ?"

"ನನ್ನ ತಮ್ಮ."

"ಯೋಚನೆ ಮಾಡಿ ಹೇಳಿ. ದಾಖಲಾಗುತ್ತೆ."

"ದಾಖಲು ಮಾಡ್ಕೊಳ್ಳಿ. ನನ್ನ ತಮ್ಮ" ಅಂದೆ. ಅಧಿಕಾರಿ ಮತ್ತೆ ಕನ್ನಡಕ ಹಾಕಿಕೊಂಡು ಬರೆದುಕೊಂಡರು.

ಎರಡನೇ ಕಂತು ತಡೆದಿದ್ದಾರೆ. ಮತ್ತೆ ಎಣಿಸುತ್ತಾರಂತೆ, ಈ ಸಲ ಹೇಳದೆ ಕೇಳದೆ ಬಂದು. ನಮ್ಮ ನೀರಿನ ಆದೇಶ ಮೂರು ತಿಂಗಳು ಮುಂದಕ್ಕೆ ಹೋಯಿತು. ರದ್ದಾಗಿಲ್ಲ, ಮುಂದಕ್ಕೆ ಅಷ್ಟೇ. ಗೆದ್ದೆವು ಅಂತ ಕುಣಿಯುವುದಕ್ಕೆ ಏನೂ ಇಲ್ಲ. ಕಂಪನಿ ನಿನ್ನೆಯಿಂದ ಬಟ್ಟೆ ಕಳಿಸುವುದು ನಿಲ್ಲಿಸಿದೆ. ಉದ್ದಕ್ಕ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಕೆಲಸಕ್ಕೆ ಬರುತ್ತಾಳೆ, ಬಂದು ಆಸ್ಪತ್ರೆಯ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿ ಹೋಗುತ್ತಾಳೆ.

ನಿನ್ನ ಎರಡು ಕಾಗದವನ್ನೂ ಅವರು ಇಟ್ಟುಕೊಂಡರು. ರಸೀದಿ ಕೊಟ್ಟಿದ್ದಾರೆ. ನಿನ್ನ ಮೇಲೆ ವಿಚಾರಣೆ ಆಗುತ್ತದೆ ಅಂತ ಗುಮಾಸ್ತರು ಮೆಲ್ಲಗೆ ಹೇಳಿದರು. ಆಗಲೂಬಹುದು, ನಿನ್ನ ನಿರ್ದೇಶಕ ಎಲ್ಲವನ್ನೂ ಮುಚ್ಚಿಹಾಕಿ ನಿನ್ನನ್ನು ಉಳಿಸಿಕೊಳ್ಳಲೂಬಹುದು. ನಿಮ್ಮವರ ಕಲೆ ನನಗೆ ಗೊತ್ತಿಲ್ಲ. ಮಗಳಿಗೆ ಪರೀಕ್ಷೆ ಮುಗಿಯುವವರೆಗೆ ಏನೂ ಹೇಳಬೇಡ. ಮುಗಿದ ಮೇಲೆ ನೀನೇ ಹೇಳು, ಬೇರೆಯವರ ಬಾಯಿಂದ ಕೇಳಬಾರದು ಅವಳು.

ಹಿಂದಿನ ಕೋಣೆಯಲ್ಲಿದ್ದ ಮೂಟೆಗಳನ್ನು ಸರಿಸಿದ್ದೇನೆ. ನಿಮ್ಮ ಮೂವರಿಗೆ ಮಲಗಲು ಜಾಗ ಆಗುತ್ತದೆ.

ಕೆಲಸ ಹೋದರೆ ಮನೆಗೆ ಬಾ. ಉಳಿದರೆ ಬರಬೇಡ.

ನಿನ್ನ ಅಕ್ಕ